ಮೂರನೇ ಡಬ್ಬಿಯ ಪಲ್ಯ

ಹೆಜ್ಜಾರ್ಲೆ ನಲವತ್ತೊಂದು. ನೀರುಕಾಗೆ ಹದಿನೇಳು. ಬಣ್ಣದ ಕೊಕ್ಕರೆ ಒಂಬತ್ತು, ಅದರಲ್ಲಿ ಒಂದು ಕುಂಟು.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಮೂರನೇ ಕಲ್ಲುಬೆಂಚಿನಲ್ಲಿ ಕೂತಿದ್ದ ಮಹದೇವಸ್ವಾಮಿ ಇವನ್ನೆಲ್ಲ ಬಾಯಲ್ಲಿ ಹೇಳಿಕೊಳ್ಳುತ್ತಲೇ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಇಸ್ತ್ರಿ ಮಾಡಿದ ಶರಟು, ಪಾಲಿಶ್ ಹಾಕಿದ ಬೂಟು, ಕತ್ತಿನಲ್ಲಿ ನೀಲಿ ಪಟ್ಟಿಯ ಗುರುತಿನ ಚೀಟಿ, ಪಕ್ಕದಲ್ಲಿ ಮೂರಂತಸ್ತಿನ ಸ್ಟೀಲ್ ಊಟದ ಡಬ್ಬಿ.

ನಾನು ಹಿಂದಿನ ಬೆಂಚಿನಲ್ಲಿ ಪೇಪರು ಹಿಡಿದು ಕೂತಿದ್ದೆ. ಪೇಪರಿನಲ್ಲಿದ್ದದ್ದು ನಿನ್ನೆಯ ಸುದ್ದಿ. ನನಗೆ ಬೇಕಾಗಿದ್ದದ್ದು ಇವತ್ತಿನದು.

ಮೂರು ದಿನದಿಂದ ಈ ಮನುಷ್ಯರ ಬೆನ್ನು ಹತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ವರದಿ ಕೊಡಬೇಕು. ವರದಿಯಲ್ಲಿ ಬರೆಯಬೇಕಾದ್ದು ಒಂದೇ ಸಾಲು: ಇವರಿಗೆ ಕೆಲಸ ಇದೆಯೋ, ಇಲ್ಲವೋ. ಆ ಸಾಲಿನ ಮೇಲೆ ಅವರ ಸಾಲ ನಿಂತಿದೆ. ಸಾಲದ ಮೇಲೆ ಶ್ರೀರಾಂಪುರದ ಅವರ ಮನೆ ನಿಂತಿದೆ.

ಮನೆ ಕಟ್ಟುವಾಗ, ಸಾಲ ಸಾಲದು ಎಂಬಂತೆ, ಬ್ಯಾಂಕಿನವರು ಅದರ ಜೊತೆಗೊಂದು ವಿಮೆಯನ್ನೂ ಅಂಟಿಸಿದ್ದರು. ಸಾಲಗಾರ ಕಾಯಿಲೆ ಬಿದ್ದರೆ, ಅಥವಾ ತಾನಾಗಿ ಬಿಡದೆ ಕೆಲಸ ಕಳೆದುಕೊಂಡರೆ, ಆರು ತಿಂಗಳ ಕಂತನ್ನು ‘ಆಸರೆ’ ಎಂಬ ವಿಮಾ ಕಂಪನಿ ಕಟ್ಟುತ್ತದೆ. ಮೂರು ಕಂತು ಕಟ್ಟಿಯೂ ಆಗಿತ್ತು. ಅಷ್ಟರಲ್ಲಿ ಕಂಪನಿಗೆ ಒಂದು ಮೂಗರ್ಜಿ ಬಂತು.

‘ಸ್ವಾಮಿ, ಶ್ರೀರಾಂಪುರದ ಮಹದೇವಸ್ವಾಮಿ ಎಂಬುವರು ಕೆಲಸವಿಲ್ಲ ಎಂದು ನಿಮ್ಮಿಂದ ಕಂತು ಕಟ್ಟಿಸಿಕೊಳ್ಳುತ್ತಿದ್ದಾರೆ. ಆದರೆ ದಿನಾ ಎಂಟೂ ಇಪ್ಪತ್ತಕ್ಕೆ ಊಟದ ಡಬ್ಬಿ ಹಿಡಿದು ಹೊರಡುತ್ತಾರೆ. ಮೂರನೇ ಡಬ್ಬಿಯಲ್ಲಿ ಒಂದು ಪಲ್ಯ ಹೋಗಿ ಬೇರೆ ಪಲ್ಯ ಬರುತ್ತದೆ. ಎಲ್ಲಿಗೆ ಹೋಗುತ್ತಾರೆ, ಅಲ್ಲಿ ಏನು ಮಾಡುತ್ತಾರೆ, ದಯಮಾಡಿ ಹಿಂದೆ ಹೋಗಿ ನೋಡಬೇಕು.’

ಬರೆದವರ ಹೆಸರಿಲ್ಲ. ಮೂಗರ್ಜಿಗೆ ಬಾಯಿ ಇರುವುದಿಲ್ಲ. ಈ ಮೂಗರ್ಜಿಗೆ ಮೂಗಂತೂ ಇತ್ತು, ಪಲ್ಯದ ವಾಸನೆ ಹಿಡಿದಿತ್ತು.

ಇಂಥ ಕಾಗದಗಳು ಯಾದವಗಿರಿಯಲ್ಲಿರುವ ನಾಗಮಣಿ ಮೇಡಂ ಮನೆಯ ಔಟ್‌ಹೌಸಿಗೆ ಬರುತ್ತವೆ. ಮೂವತ್ತು ವರ್ಷ ಕ್ಲೇಮು ನೋಡಿ ನಿವೃತ್ತರಾದ ಮೇಡಂ ಈಗ ಕಂಪನಿಗಳ ಪರವಾಗಿ ತನಿಖೆ ಮಾಡಿಸುತ್ತಾರೆ. ಮಾಡುವವನು ನಾನು, ವಾಗೀಶ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಗಂಟಲಿನಲ್ಲಿ ಮೈಕಿನ ಮೇಲೆ ರಜೆ ಘೋಷಿಸಿದ್ದಕ್ಕೆ ನನಗೊಬ್ಬನಿಗೇ ಹದಿನೈದು ದಿನ ರಜೆ ಸಿಕ್ಕಿತ್ತು. ಆ ವಿದ್ಯೆ ಈಗ ಹೊಟ್ಟೆ ಹೊರೆಯುತ್ತಿದೆ.

ನಿನ್ನೆ ಮಹದೇವಸ್ವಾಮಿಯವರ ಕಾರ್ಖಾನೆಗೆ, ಹೆಬ್ಬಾಳದ ಶ್ರೀಚಕ್ರ ವೈಂಡಿಂಗ್ಸಿಗೆ, ನಂಜನಗೂಡಿನ ಎಪ್ಪತ್ತು ವರ್ಷದ ಮಾವನಾಗಿ ಫೋನು ಮಾಡಿದ್ದೆ.

“ಯಾರ್ರಪ್ಪ ಗೇಟಲ್ಲಿ? ನಮ್ ಮಾದೇವನ್ನ ವಸಿ ಕರೀರಿ.”

“ಮಾದೇವಣ್ಣನಾ? ಶಿವರಾತ್ರಿ ಆದ್ಮೇಲೆ ಸ್ಟೋರ್ಸ್‌ನೋರ್ನೆಲ್ಲ ಮನೆಗೆ ಕಳ್ಸಿಬುಟ್ರಲ್ಲ ಯಜಮಾನ್ರೆ! ನಿಮ್ಗೆ ಹೇಳ್ನಿಲ್ವಾ?”

ಅಂದರೆ ಕೆಲಸ ಹೋಗಿರುವುದು ನಿಜ. ಕೆಲಸ ಹೋದರೂ ಕೆಲಸಕ್ಕೆ ಹೋಗುವುದು ಹೋಗಿರಲಿಲ್ಲ, ಅಷ್ಟೆ.

ಹಾಗಾದರೆ ಈ ಹಕ್ಕಿ ಲೆಕ್ಕ ಯಾರಿಗಾಗಿ? ಬಿಸಿಲೇರಿದ ಮೇಲೆ ಕೆರೆಯ ಗೇಟು ಹಾಕುತ್ತಾರೆ. ಇವರನ್ನು ಮಾತ್ರ ಕಾವಲುಗಾರ ಎದ್ದು ನಿಂತು ಒಳಗೆ ಬಿಡುತ್ತಾನೆ. ನಾನು ಒಬ್ಬ ದೊಡ್ಡ ಸಾಹೇಬರ ಗಂಟಲು ತೆಗೆದು, “ಏನಯ್ಯಾ, ಅವರ ಕಡೆಯವನು ನಾನು,” ಎಂದು ಗದರಿ ಒಳಗೆ ಬಂದಿದ್ದೆ. “ಹಕ್ಕಿ ಸರ್ವೆ ಸಾಹೇಬ್ರ ಕಡೆಯೋರಾ, ಬನ್ನಿ ಸಾರ್,” ಎಂದಿದ್ದ ಅವನು. ಸರ್ವೆ ಕೆಲಸ ಸಿಕ್ಕಿದ್ದರೆ ಇವರಿಗೆ ಸಂಬಳವಿದೆ. ಸಂಬಳವಿದ್ದರೆ ಕಂತಿಲ್ಲ.

ಪೇಪರು ಮಡಚಿ ಕಾದೆ.

ಹನ್ನೆರಡೂವರೆಗೆ ಎದ್ದರು. ಸರಸ್ವತಿಪುರಂ ಕಡೆ ನಡೆದರು. ಆಷಾಢದ ಗಾಳಿಗೆ ಕೊರಳ ಪಟ್ಟಿ ಹೆಗಲ ಮೇಲಕ್ಕೆ ಹಾರುತ್ತಿತ್ತು. ಪ್ರತಿ ಸಲವೂ ಎಳೆದು ಎದೆಯ ನಡುವಿಗೆ ತಂದುಕೊಳ್ಳುತ್ತಿದ್ದರು. ಕಾಲೇಜು ಹುಡುಗರು ಸಾಲು ನಿಂತಿದ್ದ ಬೋರಮ್ಮನ ಮೆಸ್ಸಿನ ಮುಂದೆ ನಿಂತರು.

“ಇವತ್ತೇನಮ್ಮ ಪಲ್ಯ?”

“ಹಾಗಲಕಾಯಿ ಸಾರ್. ಊಟ ಹಾಕ್ಲಾ?”

“ಊಟ ಬ್ಯಾಡ, ಪಲ್ಯ ಒಂದೀಟು ಕಟ್ಟು.”

ಪೊಟ್ಟಣ ಹಿಡಿದು ಕೆರೆಗೆ ವಾಪಸು. ಹೊಂಗೆ ಮರದ ನೆರಳು ಬಿದ್ದಿದ್ದ ಅದೇ ಬೆಂಚಿನಲ್ಲಿ ಡಬ್ಬಿ ಬಿಚ್ಚಿದರು. ಮೊದಲನೆಯದರಲ್ಲಿ ಅನ್ನ, ಎರಡನೆಯದರಲ್ಲಿ ಸಾರು, ಮೂರನೆಯದರಲ್ಲಿ ಮನೆಯ ಬೀನ್ಸ್ ಪಲ್ಯ. ಒಂದಗುಳೂ ಬಿಡದೆ ಉಂಡರು. ಮೂರು ಡಬ್ಬಿಗಳನ್ನೂ ನಲ್ಲಿಯಲ್ಲಿ ತೊಳೆದು ಕರ್ಚೀಪಿನಲ್ಲಿ ಒರೆಸಿದರು.

ಆಮೇಲೆ ಬೋರಮ್ಮನ ಪೊಟ್ಟಣ ಬಿಚ್ಚಿ, ಹಾಗಲಕಾಯಿ ಪಲ್ಯವನ್ನು ಮೂರನೇ ಡಬ್ಬಿಗೆ ಹಾಕಿ, ಬೆರಳಿನಿಂದ ಅಂಚು ಸರಿಮಾಡಿ ಮುಚ್ಚಳ ಹಾಕಿದರು. ಒಂದು ಚೂರೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ತಿನ್ನದ ಪಲ್ಯವನ್ನು ದುಡ್ಡು ಕೊಟ್ಟು ಕೊಂಡು, ತೊಳೆದ ಡಬ್ಬಿಗೆ ತುಂಬಿ ಮನೆಗೆ ಒಯ್ಯುವ ಮನುಷ್ಯ. ಏಳು ವರ್ಷದ ತನಿಖೆಯಲ್ಲಿ ನಾನು ಸುಳ್ಳು ಎಕ್ಸ್‌ರೇ ಕಂಡಿದ್ದೇನೆ, ಸುಳ್ಳು ಮೂಳೆ ಕಂಡಿದ್ದೇನೆ. ಸುಳ್ಳು ಪಲ್ಯ ಕಂಡದ್ದು ಇದೇ ಮೊದಲು.

ಹೋಗಿ ಅದೇ ಬೆಂಚಿನ ತುದಿಯಲ್ಲಿ ಕೂತೆ.

“ಸಾರ್, ಆ ಕುಂಟು ಕೊಕ್ಕರೆ ನೆನ್ನೆ ಎಡಗಾಲು ಕುಂಟ್ತಿತ್ತು. ಇವತ್ತು ಬಲಗಾಲು.”

“ಎಡಗಾಲೇ ಕಣ್ರೀ!” ಅವರು ಸಿಟ್ಟಾದರು. “ಎಲ್ಡು ತಿಂಗ್ಳಿಂದ ನೋಡ್ತಾ ಇವ್ನಿ. ಬುಕ್ಕಲ್ಲಿ ಐತೆ.” ಆಮೇಲೆ ನಿಧಾನವಾಗಿ ನನ್ನತ್ತ ತಿರುಗಿದರು. “ನೀವು ನೆನ್ನೆನೂ ಬಂದಿದ್ರಾ?”

“ಮೊನ್ನೇನೂ ಬಂದಿದ್ದೆ. ನಾನು ಕಂಪನಿಯವನು ಸಾರ್.”

ಆ ಮಾತು ಹಾಗೆ ಆಡಬಾರದಿತ್ತು. ಮನುಷ್ಯ ಬೆಂಚಿನಿಂದ ಅರ್ಧ ಎದ್ದೇಬಿಟ್ಟರು. ಕೈ ತಾನಾಗಿ ಕಾಲರಿನ ಗುಂಡಿ ಹುಡುಕಿತು.

“ಕಂಪ್ನಿಯೋರಾ? ತಿರ್ಗಾ ಕರೀತಾವ್ರಾ?”

“ಆ ಕಂಪನಿ ಅಲ್ಲ ಸಾರ್. ಇನ್ಶೂರೆನ್ಸು.”

ಕೂತರು. ಕೆರೆಯ ನಡುವಿನ ದಿಬ್ಬದಿಂದ ಒಂದು ಹೆಜ್ಜಾರ್ಲೆ ಎದ್ದು, ತುಂಬಿದ ಸಿಟಿ ಬಸ್ಸಿನಂತೆ ವಾಲಿಕೊಂಡು ಇನ್ನೊಂದು ಮರಕ್ಕೆ ಹೋಯಿತು.

“ಹಕ್ಕಿ ಲೆಕ್ಕ ಯಾರಿಗೆ ಕೊಡ್ತೀರಿ?” ಕೇಳಿದೆ.

“ಯಾರ್ಗೂ ಇಲ್ಲ. ಇಪ್ಪತ್ತೆಲ್ಡು ವರ್ಷ ಸ್ಟೋರ್ಸಲ್ಲಿದ್ದೆ. ಬೆಳಿಗ್ಗೆ ಹೋದೇಟ್ಗೆ ಏನೇನೈತೆ ಎಣಿಸ್ಬೇಕು. ಎಣಿಸ್ದಿದ್ರೆ ದಿನಾನೇ ಶುರುವಾಗಲ್ಲ. ಇಲ್ಲಿ ಏನೈತೆ? ಹಕ್ಕಿ ಐತೆ.”

“ಮತ್ತೆ ಆ ಪಲ್ಯ?”

ಈ ಸಲ ಅವರು ನಾಚಿಕೊಂಡರು. ಐವತ್ತರ ಹತ್ತಿರದ ಗಂಡಸು ನಾಚಿಕೊಂಡಾಗ ನೋಡುವವನು ಬೇರೆ ಕಡೆ ನೋಡಬೇಕು. ನಾನು ಕೊಕ್ಕರೆಯ ಎಡಗಾಲು ನೋಡಿದೆ.

“ಸ್ಟೋರ್ಸಲ್ಲಿ ನಾವು ನಾಕು ಜನ,” ಎಂದರು. “ನಾನು, ಕುಮಾರ, ಸಿದ್ದಲಿಂಗಸ್ವಾಮಿ, ಪುಟ್ಟಮಾದಯ್ಯ. ಅನ್ನ ಸಾರು ಅವರವರ್ದೇ. ಮೂರನೇ ಡಬ್ಬಿ ಮಾತ್ರ ಎಲ್ರದೂ. ಮಧ್ಯಕ್ಕಿಟ್ಟು ಹಂಚ್ಕೊಳೋದು. ಯಾರ ಡಬ್ಬಿನೂ ಬರಿದಾಗಿ ಮನೆಗೆ ಹೋಗ್ಬಾರ್ದು, ಅದು ನಮ್ ಪದ್ಧತಿ. ಇನ್ನೊಬ್ರ ಮನೆ ಪಲ್ಯ ವಸಿ ಎತ್ತಿಟ್ಟು ಒಯ್ಯೋದು. ಸಾಯಂಕಾಲ ನನ್ನಾಕೆ ಮುಚ್ಚಳ ತೆಗೆದು, ‘ಇವತ್ತು ಯಾರ ಮನೇದು?’ ಅನ್ನೋಳು. ಆ ಹೆಣ್ಮಕ್ಕಳ ಮುಖಾನೇ ಕಂಡಿಲ್ಲ ಇವಳು. ಕೈರುಚಿ ಮಾತ್ರ ಎಲ್ರದೂ ಗೊತ್ತು.”

“ಈಗ ಬೋರಮ್ಮನ ಮೆಸ್ಸು.”

“ಒಂದಿನ ಬೋರಮ್ಮ, ಒಂದಿನ ಅಗ್ರಹಾರದ ಕಡೆ ಒಂದೈತೆ. ಬರಿದು ಡಬ್ಬಿ ಒಯ್ದ್ರೆ ಅವಳ್ಗೆ ತಿಳಿದೋಯ್ತದೆ ಕಣ್ರೀ.”

“ತಿಳಿದರೆ ಏನಾಗುತ್ತೆ ಸಾರ್?”

“ಏನೂ ಆಗಲ್ಲ.” ನೋಟ್‌ಬುಕ್ಕಿನ ಮೂಲೆ ಮಡಚಿದರು, ಬಿಡಿಸಿದರು. “ಅವಳು ಏನೂ ಅನ್ನಲ್ಲ. ಅದೇ ನಂಗೆ ತಡಕೊಳಕ್ಕಾಗಲ್ಲ.”

ನಾನು ಬ್ಯಾಗಿನಿಂದ ಕ್ಲೇಮು ಫಾರಮಿನ ಜೆರಾಕ್ಸು ತೆಗೆದೆ. “ಸರಿ, ಕೆಲಸ ಇಲ್ಲ ಅಂತ ನಾನು ಬರೀತೀನಿ. ನೀವು ಅರ್ಜಿ ಹಾಕಿದ್ದು ನ್ಯಾಯವಾಗೇ ಇದೆ.”

“ಯಾವ ಅರ್ಜಿ?”

“ವಿಮೆ ಅರ್ಜಿ. ಮೂರು ತಿಂಗಳಿಂದ ನಿಮ್ಮ ಕಂತು ಕಟ್ತಿರೋರು ಯಾರು ಅಂದ್ಕೊಂಡಿದ್ರಿ?”

“ಬ್ಯಾಂಕಿನ ಮ್ಯಾನೇಜರು,” ಎಂದರು ಮಹದೇವಸ್ವಾಮಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. “ಕೆಲಸ ಹೋಯ್ತು, ಟೈಮ್ ಕೊಡಿ ಅಂದೆ. ಈ ಫಾರಮ್ ತುಂಬಿ, ಮನೆಯೋರ ಸೈನೂ ಹಾಕ್ಸಿ ಅಂದ್ರು. ಮನೆಯೋರ ಸೈನು ಎಂಗ್ ಹಾಕ್ಸಲಿ? ಡಬ್ಬಿ ಬ್ಯಾಗಲ್ಲಿ ಮಡಿಚಿಟ್ಟಿದ್ದೆ, ಅದೆಲ್ಲೋ ಬಿದ್ದೋಯ್ತು. ತಿಂಗಳ ಕೊನೇಲಿ ನೋಡ್ತೀನಿ, ಕಂತು ಕಟ್ಟೈತೆ. ಮ್ಯಾನೇಜರು ಮನುಷ್ಯ ಒಳ್ಳೆಯವ, ನೋಡಿ ಕರಗಿದ ಅನ್ಕಂಡೆ.”

ಮೈಸೂರಿನಲ್ಲಿ ಬ್ಯಾಂಕ್ ಮ್ಯಾನೇಜರು ಕರಗುತ್ತಾನೆ ಎಂದು ನಂಬುವ ಒಬ್ಬ ಮನುಷ್ಯನಾದರೂ ಉಳಿದಿದ್ದಾನಲ್ಲ ಎಂದು ನನಗೆ ಸಂತೋಷವಾಯಿತು. ಆದರೆ ಇವರ ಫಾರಮು ಕಳೆದುಹೋಗಿದ್ದರೆ ಕಂಪನಿಗೆ ಬಂದದ್ದು ಯಾರು ತುಂಬಿದ್ದು? ಫಾರಮಿನ ಮೊದಲ ಪುಟ ಅವರ ಮುಂದೆ ಹಿಡಿದೆ. ಕೆಳಗೆ ನೀಲಿ ಶಾಯಿಯಲ್ಲಿ ಸಹಿ: ಮಹದೇವಸ್ವಾಮಿ.

ಕನ್ನಡಕ ಹಾಕಿಕೊಂಡು ನೋಡಿದರು.

“ಇದು ನನ್ ಸೈನಲ್ಲ.”

“ಸರಿಯಾಗಿ ನೋಡಿ ಸಾರ್.”

“ಇಪ್ಪತ್ತೆಲ್ಡು ವರ್ಷ ದಿನಕ್ಕೆ ನೂರು ಸಲ ಹಾಕಿರೋ ಸೈನು ನಂಗೆ ಗೊತ್ತಿಲ್ವಾ? ಇಲ್ಲಿ ಯಾವನೋ ನಿಧಾನವಾಗಿ ಚಿತ್ರ ಬರ್ದಂಗೆ ಬರ್ದವ್ನೆ.” ಅವರ ಧ್ವನಿ ಏರಲಿಲ್ಲ, ಗಟ್ಟಿಯಾಯಿತು. “ಸೈನಿಲ್ದೆ ಒಂದು ನಟ್ಟೂ ಹೊರಗೆ ಬುಟ್ಟೋನಲ್ಲ ನಾನು. ನಾನು ಹಾಕದ ಸೈನಿಗೆ ಬಂದ ದುಡ್ಡು ನಂಗ್ಯಾಕೆ? ಇದ್ರದೊಂದು ಫೋಟೊ ನನ್ ಫೋನಿಗೆ ಕಳ್ಸಿ.”

ಮೊದಲ ಪುಟದ ಫೋಟೊ ತೆಗೆದು ಅಲ್ಲೇ ವಾಟ್ಸಾಪಿನಲ್ಲಿ ಕಳಿಸಿದೆ. ಈ ಕಥೆಯಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದು. ಆಗ ಗೊತ್ತಾಗಲಿಲ್ಲ.

ಎರಡನೇ ಪುಟ ತೋರಿಸಲಿಲ್ಲ. ಅದರಲ್ಲಿ ಸಾಲಕ್ಕೆ ಜೊತೆಗೆ ಸಹಿ ಹಾಕಿದವರ ಜಾಗದಲ್ಲಿ ಇನ್ನೊಂದು ಸಹಿ ಇತ್ತು: ಪದ್ಮಾವತಿ. ಅದು ನಿಧಾನದ ಚಿತ್ರವಲ್ಲ, ಸರಾಗವಾದ ಸಹಿ. ಅವರ ಹೆಂಡತಿಯ ಹೆಸರು.

“ಮನೆಗೆ ಮಾತ್ರ ಬರ್ಬೇಡಿ,” ಎಂದರು ಎದ್ದು ಹೊರಡುವಾಗ. “ಕೈ ಮುಗೀತೀನಿ. ಮನೆ ಹೋದ್ರೂ ಹೋಗ್ಲಿ, ಅವಳಿಗೆ ಹೇಳ್ಬೇಡಿ.”

ಫೋನಿನಲ್ಲಿ ನಾಗಮಣಿ ಮೇಡಂಗೆ ಎಲ್ಲ ಹೇಳಿದೆ. ಅತ್ತ ಕಡೆ ಕಾಫಿ ಲೋಟ ಕೆಳಗಿಟ್ಟ ಸದ್ದು.

“ಏನೋ ವಾಗೀಶ, ಮೂಗರ್ಜೀನ ನೀನು ಎಷ್ಟು ಸಲ ಓದಿದೀಯ?”

“ನಾಲ್ಕು ಸಲ ಮೇಡಂ.”

“ಐದನೇ ಸಲ ಓದು. ಡಬ್ಬಿ ಹಿಡಿದು ಹೊರಡೋದು ಪಕ್ಕದ ಮನೆಯವರಿಗೂ ಕಾಣುತ್ತೆ. ಒಳಗೆ ಒಂದು ಪಲ್ಯ ಹೋಗಿ ಇನ್ನೊಂದು ಬರೋದು ಯಾರಿಗೋ ಕಾಣುತ್ತೆ?”

ಬ್ಯಾಗಿನಿಂದ ಮೂಗರ್ಜಿಯ ಜೆರಾಕ್ಸು ತೆಗೆದೆ.

“ಬೆಳಿಗ್ಗೆ ತುಂಬೋರಿಗೆ, ಸಾಯಂಕಾಲ ತೆಗೆಯೋರಿಗೆ. ಅಷ್ಟೇ. ಮೂಗರ್ಜಿ ಇಲ್ಲೇ ನನ್ನ ಮುಂದಿದೆ. ಬಲಗಡೆ ಮೂಲೇಲಿ ಅರಿಶಿನದ ಬೆರಳು. ಕ್ಲೇಮು ಫಾರಮಿನ ಅಸಲೀನೂ ಇಲ್ಲೇ ಇದೆ, ಅದರ ಮೂಲೇಲೂ ಅದೇ ಬೆರಳು. ಒಗ್ಗರಣೆಗೆ ನಿಂತೋರು ಎದ್ದು ಬಂದು ಬರೆದಿದಾರೆ.”

“ಕಂತು ಕಟ್ಟಿ ಅಂತ ಅರ್ಜಿ ಹಾಕಿದೋರೇ, ಕಟ್ಟಬೇಡಿ ಅಂತ ಮೂಗರ್ಜಿ ಯಾಕೆ ಬರೀತಾರೆ ಮೇಡಂ?”

“ಕಟ್ಟಬೇಡಿ ಅಂತ ಎಲ್ಲಿ ಬರೆದಿದಾರೆ? ‘ಹಿಂದೆ ಹೋಗಿ ನೋಡಿ’ ಅಂತ ತಾನೇ ಬರೆದಿರೋದು? ಹೋಗಿ ಕೇಳು. ಇನ್ನೊಂದು. ಸಹಿ ಖೋಟಾ ಅಂತಾದರೆ ವಿಮೆ ಪೂರ್ತಿ ರದ್ದು. ಕಟ್ಟಿದ ಮೂರೂ ವಾಪಸು, ಇನ್ನು ಮೂರು ಇಲ್ಲ. ಆ ಮನೆ ಉಳಿಯೋದಿಲ್ಲ. ಆದರೆ ‘ನನ್ನ ಪರವಾಗಿ ಹೆಂಡ್ತೀನೇ ಹಾಕಿದ್ದು, ನನಗೆ ಒಪ್ಪಿಗೆ ಇದೆ’ ಅಂತ ಆ ಮನುಷ್ಯ ಒಂದು ಕಾಗದ ಬರೆದುಕೊಟ್ಟರೆ, ಕಂಪನಿಯವರನ್ನ ನಾನು ನೋಡ್ಕೋತೀನಿ. ನಾಳೆ ಮಧ್ಯಾಹ್ನದೊಳಗೆ.”

“ಹೆಂಡ್ತಿಗೆ ಗೊತ್ತು ಅಂತಲೇ ಅವರಿಗೆ ಗೊತ್ತಿಲ್ಲ ಮೇಡಂ.”

“ಗೊತ್ತಾಗಬೇಕು. ನೀನು ಹೇಳಬೇಡ. ಆಯಮ್ಮನೇ ಹೇಳ್ಲಿ. ಮತ್ತೆ ವಾಗೀಶ, ಅಲ್ಲಿ ಹೋಗಿ ಯಾರ ಗಂಟಲೂ ತೆಗೀಬೇಡ, ನಿನ್ನದೇ ಸಾಕು.”

ಶ್ರೀರಾಂಪುರದ ಎರಡನೇ ಹಂತದಲ್ಲಿ, ಮುಂದೆ ಕರಿಬೇವಿನ ಗಿಡ ಇರುವ ಸಣ್ಣ ಮನೆ. ಮಹಡಿಗೆ ಕಂಬಿ ಬಿಟ್ಟು ನಿಲ್ಲಿಸಿದ್ದಾರೆ, ಮುಂದೆ ಕಟ್ಟುವ ಆಸೆಗೆ. ನಾಲ್ಕು ಗಂಟೆಗೆ ಬಾಗಿಲು ತಟ್ಟಿದೆ. ತೆಗೆದ ಹೆಂಗಸು ಕೈಯನ್ನು ಸೆರಗಿಗೆ ಒರೆಸಿಕೊಂಡರು. ಬೆರಳ ತುದಿ ಹಳದಿ.

ನಾನು ಬಾಯಿ ತೆರೆಯುವ ಮೊದಲೇ ಕೇಳಿದರು:

“ನನ್ ಕಾಗದ ತಲುಪ್ತಾ?”

ಒಳಗೆ ಕುರ್ಚಿಯಲ್ಲಿ ಖಾಕಿ ಶರಟಿನ ಒಬ್ಬರು ಕಾಫಿ ಕುಡಿಯುತ್ತಿದ್ದರು.

“ಇವ್ರು ಕುಮಾರಣ್ಣ,” ಎಂದರು ಪದ್ಮಾವತಿ. “ನಮ್ಮನೆಯವ್ರ ಜೊತೆ ಸ್ಟೋರ್ಸಲ್ಲಿದ್ರು. ಈಗ ಭಾಮೈದನ ಆಟೋ ಓಡಿಸ್ತಾರೆ. ತಿಂಗ್ಳು ತಿಂಗ್ಳೂ ‘ಇನ್ನೂ ಕೆಲಸ ಸಿಕ್ಕಿಲ್ಲ’ ಅಂತ ಬರೆದುಕೊಡೋ ಕಾಗದ ಐತಲ್ಲ, ಅದನ್ನ ಕೊಡೋಕೆ ಇವರ ಆಟೋದಲ್ಲೇ ಬ್ಯಾಂಕಿಗೆ ಹೋಗೋದು. ಇವತ್ತು ನಾಲ್ಕನೇದು ಕೊಟ್ಟು ಬಂದ್ವಿ.”

“ಆಟೋ ಆ ಕಡೆ ಕ್ರಾಸಲ್ಲಿ ನಿಲ್ಸಿ ಬತ್ತೀನಿ ಸಾರ್,” ಎಂದರು ಕುಮಾರ್. “ಮಾದೇವಣ್ಣ ಕಂಡ್ರೆ ಕಷ್ಟ. ನಾನು ಕೆಲಸ ಹೋದ ದಿನವೇ ಮನೇಲಿ ಹೇಳ್ಬುಟ್ಟೆ, ಒಂದು ಗಂಟೆ ಬೈಸ್ಕೊಂಡೆ, ಮುಗೀತು. ಆವಯ್ಯ ಹೇಳ್ನೂ ಇಲ್ಲ, ಬೈಸ್ಕೊಳ್ನೂ ಇಲ್ಲ.”

“ನಿಮಗೆ ಹೇಗೆ ಗೊತ್ತಾಯ್ತಮ್ಮ?”

ಪದ್ಮಾವತಿ ನಕ್ಕರು. ನಗು ಕಣ್ಣಿನವರೆಗೆ ಹೋಗಲಿಲ್ಲ.

“ಶಿವರಾತ್ರಿ ಆದ ಮುಂದಿನ ವಾರ. ಡಬ್ಬಿ ತೆಗೆದೆ, ಹಾಗಲಕಾಯಿ. ‘ಯಾರ ಮನೇದು’ ಅಂದೆ, ‘ಕುಮಾರನ ಮನೇದು’ ಅಂದ್ರು. ಬಾಯಿಗಿಟ್ರೆ ಬೆಲ್ಲ! ಇವರ ಮನೆಯಾಕೆ ಹಾಗಲಕಾಯಿಗೆ ಬೆಲ್ಲ ಹಾಕ್ದೋಳೇ ಅಲ್ಲ, ಬರೀ ಹುಣಸೆಹುಳಿ. ಇಪ್ಪತ್ತು ವರ್ಷ ತಿಂದಿವ್ನಿ. ಆಮೇಲೆ ಡಬ್ಬಿ ಬ್ಯಾಗು ತೊಳೆಯೋವಾಗ ಆ ಫಾರಮ್ ಸಿಕ್ತು. ಜೊತೇಲಿದ್ದ ಪುಸ್ತಕಾನೂ ಓದ್ದೆ, ಮೊದಲಿಂದ ಕೊನೇವರ್ಗೂ.”

ಪಾಲಿಸಿಯನ್ನು ಪಾಲಿಸುವವರು ಉಂಟು. ಓದುವವರನ್ನು ನಾನು ನೋಡಿದ್ದು ಅವತ್ತೇ.

“ಅದ್ರ ಕೊನೇ ಹಾಳೇಲಿತ್ತು. ‘ದೂರು ಬಂದರೆ ಕಂಪನಿಯವರೇ ಮನುಷ್ಯನ್ನ ಕಳಿಸಿ ವಿಚಾರಣೆ ಮಾಡ್ತಾರೆ’ ಅಂತ. ಅದಕ್ಕೇ ದೂರು ಬರೆದೆ ಕಣಪ್ಪ. ನನ್ ಗಂಡನ್ನ ನೋಡ್ಕೊಂಡು ಬರಕ್ಕೆ ನಾನೆಲ್ಲಿಂದ ಪತ್ತೇದಾರನ್ನ ತರ್ಲಿ?”

ಕುಮಾರ್ ಕಾಫಿ ಲೋಟ ಅರ್ಧದಲ್ಲೇ ನಿಲ್ಲಿಸಿದರು. “ಅತ್ಗೆ, ಮೂಗರ್ಜಿ ನೀವೇ ಬರ್ದಿದ್ದಾ? ನಂಗೆ ಹೇಳ್ನೇ ಇಲ್ವಲ್ಲ!”

“ನೀವು ಬಾಯಿ ಬುಡ್ತಿದ್ರಿ ಅಣ್ಣ.” ನನ್ನ ಕಡೆ ತಿರುಗಿದರು. ಧ್ವನಿ ತಗ್ಗಿತು. “ಸಾಯಂಕಾಲ ಬಂದಾಗ ಪ್ಯಾಂಟಿನ ತುದೀಲಿ ಹುಲ್ಲುಬೀಜ ಅಂಟಿರ್ತದೆ. ಬೂಟಲ್ಲಿ ಕೆರೆ ಮಣ್ಣು. ದಿನಾ ಕೆರೆ ಹತ್ರ ಹೋಗ್ತಾರೆ ಅಂತ ಗೊತ್ತಾಯ್ತು. ಕೆಲಸ ಹೋದ ಗಂಡಸು, ದಿನಾ ನೀರಿನ ಹತ್ರ ಯಾಕೆ ಹೋಗ್ತಾರೆ? ಅಲ್ಲಿ ಏನ್ ಮಾಡ್ತಾರೆ? ಅದೊಂದು ಹೇಳಪ್ಪ. ಐದು ತಿಂಗ್ಳಾಯ್ತು ನಾನು ಸರಿಯಾಗಿ ನಿದ್ದೆ ಮಾಡಿ.”

ಏಳು ವರ್ಷದಲ್ಲಿ ನನ್ನ ವರದಿಯನ್ನು ಇಷ್ಟು ಆಸೆಯಿಂದ ಯಾರೂ ಕೇಳಿರಲಿಲ್ಲ.

“ಹಕ್ಕಿ ಎಣಿಸ್ತಾರಮ್ಮ,” ಎಂದೆ.

“ಏನು?”

“ಹಕ್ಕಿ. ಇವತ್ತು ಹೆಜ್ಜಾರ್ಲೆ ನಲವತ್ತೊಂದು. ಒಂದು ಕೊಕ್ಕರೆಗೆ ಎಡಗಾಲು ಕುಂಟು. ಬುಕ್ಕಲ್ಲಿ ಬರೆದುಕೋತಾರೆ. ಕಾವಲುಗಾರ ಸರ್ವೆ ಸಾಹೇಬರು ಅಂತ ಸಲ್ಯೂಟ್ ಹೊಡೀತಾನೆ.”

ಪದ್ಮಾವತಿ ಗೋಡೆಗೆ ಒರಗಿ ನಿಂತರು. ಸೆರಗು ಬಾಯಿಗೆ ಹೋಯಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ಎಂದು ಕುಮಾರ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಎರಡೂ ಇತ್ತು ಅಂತ ಕಾಣುತ್ತದೆ.

“ಸಹಿ ವಿಷಯ ಒಂದಿದೆ ಅಮ್ಮ,” ಎಂದು ಮೆಲ್ಲಗೆ ಶುರು ಮಾಡಿದೆ. ಮೇಡಂ ಹೇಳಿದ್ದನ್ನು ಮೇಡಂ ಗಂಟಲಿಲ್ಲದೆ ಹೇಳಿದೆ.

“ಹೂಂ, ನಾನೇ ಹಾಕಿದ್ದು,” ಎಂದರು. “ಕಟ್ಕೊಂಡ ದಿನದಿಂದ ಅವರ ಹೆಸರು ಬಾಯಲ್ಲಿ ಹೇಳ್ದೋಳಲ್ಲ ನಾನು. ಫಾರಮಲ್ಲೊಂದು ಸಲ, ತಿಂಗಳ ಕಾಗದದಲ್ಲೊಂದೊಂದು ಸಲ, ಬರೆದ್ಬುಟ್ಟೆ. ಹಳೇ ಸಂಬಳದ ಚೀಟಿ ಮುಂದಿಟ್ಕೊಂಡು, ಒಂದೊಂದೇ ಅಕ್ಷರ ನೋಡ್ಕೊಂಡು. ತಪ್ಪು ಅಂತ ಗೊತ್ತು. ಮನೆ ಹೋದ್ರೆ ಅವರು ಉಳಿಯಲ್ಲ ಅಂತಾನೂ ಗೊತ್ತು.”

“ಹಾಗಾದ್ರೆ ಇವತ್ತು ಅವರು ಬಂದಾಗ ಹೇಳ್ಬಿಡಿ. ಅವರು ಒಂದು ಕಾಗದ ಬರೆದುಕೊಟ್ಟರೆ ಸಾಕು.”

“ನಾನು ಹೇಳಿದ್ರೆ, ಇಷ್ಟು ದಿನ ಗೊತ್ತಿದ್ದೂ ಡಬ್ಬಿ ಕಟ್ಟಿಕೊಟ್ಳು ಅಂತ ಅವರಿಗೆ ಎಂಗಾಗಲ್ಲ?” ಅವರು ಕೈ ಹಿಸುಕಿಕೊಂಡರು. ಕೊನೆಗೆ ತಲೆಯಾಡಿಸಿದರು. “ಆಯ್ತು. ಆರಕ್ಕೆ ಬರ್ತಾರೆ. ಕಾಫಿ ಕೊಟ್ಟು ಹೇಳ್ತೀನಿ.”

ಆರು ಗಂಟೆಗೆ ಬರುವ ಬೂಟಿನ ಸದ್ದು ನಾಲ್ಕೂವರೆಗೇ ಗೇಟಿನಲ್ಲಿ ಕೇಳಿಸಿತು.

ಪದ್ಮಾವತಿ ಕಿಟಕಿಯಲ್ಲಿ ಇಣುಕಿದರು. ಡಬ್ಬಿ ಒಳಗೆ ಬರುವ ಮೊದಲು ನಮ್ಮಿಬ್ಬರನ್ನೂ ಅಡುಗೆಮನೆಗೆ ದಬ್ಬಿದರು. ಕುಮಾರ್ ಬಗ್ಗಿ ನಾಲ್ಕೂ ಚಪ್ಪಲಿಗಳನ್ನು ಬಾಚಿಕೊಂಡು ಎದೆಗೆ ಅವಚಿಕೊಂಡೇ ಒಳಗೆ ಬಂದರು. ಬಾಗಿಲು ಅರ್ಧ ಮುಚ್ಚಿತು. ಸಂದಿಯಲ್ಲಿ ನಡುಮನೆಯ ಮೇಜು ಕಾಣುತ್ತಿತ್ತು.

“ಏನ್ರೀ, ಇವತ್ತು ಬೇಗ?”

“ಹೂಂ. ಒಂದೀಟು ಬೇಗ ಬುಟ್ರು.” ಡಬ್ಬಿ ಮೇಜಿನ ಮೇಲೆ ಕೂತ ಸದ್ದು. “ಇವತ್ತು ಹಾಗಲಕಾಯಿ. ಕುಮಾರನ ಮನೇದು.”

ನನ್ನ ಪಕ್ಕದಲ್ಲಿ ಕುಮಾರ್ ಕಣ್ಣು ಮುಚ್ಚಿಕೊಂಡರು.

ಮುಚ್ಚಳ ತೆಗೆದ ಸದ್ದು. ಆಮೇಲೆ ಪದ್ಮಾವತಿಯ ಧ್ವನಿ, ಯಾವ ನಡುಕವೂ ಇಲ್ಲದೆ: “ಚೆನ್ನಾಗೈತೆ. ಆಯಮ್ಮ ಈಗೀಗ ಬೆಲ್ಲ ಹಾಕೋದು ಕಲ್ತವ್ಳೆ.”

ಏಳು ವರ್ಷ ಮಿಮಿಕ್ರಿ ಮಾಡಿ ಬದುಕಿದ್ದೇನೆ. ಏನೂ ಗೊತ್ತಿಲ್ಲದ ಹೆಂಡತಿಯ ಧ್ವನಿಯನ್ನು ಇಷ್ಟು ಸೊಗಸಾಗಿ ತೆಗೆಯುವವರನ್ನು ನಾನು ಕಂಡಿರಲಿಲ್ಲ.

“ಕೂತ್ಕೊಳಿ, ಕಾಫಿ ತರ್ತೀನಿ. ಒಂದು ಮಾತು ಹೇಳೋದಿತ್ತು.”

“ನಂದೊಂದು ಮಾತೈತೆ. ಮೊದ್ಲು ನಂದು ಕೇಳು.” ಕುರ್ಚಿ ಎಳೆದ ಸದ್ದು. “ನಮ್ ಮನೆ ಸಾಲದ ಕಾಗದದಲ್ಲಿ ಯಾವನೋ ನನ್ ಸೈನ್ ಹಾಕವ್ನೆ ಪದ್ಮಾ. ಯಾಕೆ ಏನು ಅಂತ ಆಮೇಲೆ ಹೇಳ್ತೀನಿ, ಅದ್ರಲ್ಲಿ ನಂದೂ ಒಂದು ತಪ್ಪೈತೆ. ಆದ್ರೆ ಇದು ನನ್ ಸೈನಲ್ಲ. ಒಬ್ರು ಫೋಟೊ ಕೊಟ್ರು, ನೋಡು.”

ಫೋನು ಮೇಜಿನ ಮೇಲೆ ಜಾರಿತು. ನಾನು ಕಳಿಸಿದ ಫೋಟೊ.

“ಬ್ಯಾಂಕಿಗೆ ಹೋದೆ. ಅಲ್ಲಿಂದ ಸ್ಟೇಷನ್ನಿಗೆ ಹೋದೆ. ಕಂಪ್ಲೇಂಟ್ ಬರ್ದು ಕೊಟ್ಟು ಬಂದೆ.”

ಕುಮಾರ್ ಕೈಯಿಂದ ಒಂದು ಚಪ್ಪಲಿ ಜಾರಿತು. ನೆಲ ಮುಟ್ಟುವ ಮೊದಲು ನಾನು ಹಿಡಿದೆ.

ನಡುಮನೆಯಲ್ಲಿ ಪದ್ಮಾವತಿ ಫೋನು ಎತ್ತಿ ನೋಡಿ, ಮೇಜಿನ ಮೇಲೆ ಮಗುಚಿಟ್ಟರು. ಆಮೇಲೆ ಕೇಳಿದರು, “ಯಾರ ಮೇಲೆ?”

“ಯಾರು ಅಂತ ಗೊತ್ತಿಲ್ವಲ್ಲ. ಪತ್ತೆ ಮಾಡ್ತಾರೆ. ಅಲ್ಲೊಬ್ಬ ಸಬ್ ಇನ್ಸ್‌ಪೆಕ್ಟರಮ್ಮ ಅವ್ರೆ, ಮಧುಶ್ರೀ ಅಂತ, ಹೊಸ್ದಾಗಿ ಬಂದವ್ರೆ. ಬಲೇ ಚುರುಕು. ಸಾಲಕ್ಕೆ ಜೊತೆ ಸೈನ್ ಹಾಕಿರೋದು ನೀನಲ್ವಾ? ಅದಕ್ಕೆ ನಿನ್ ಕೈಬರಹ ಮೊದ್ಲು ನೋಡ್ಬೇಕಂತೆ. ಹೆದರ್ಕೋಬೇಡ ಕಣಮ್ಮ, ಬರೀ ರೂಲ್ಸಿಗೆ. ಈ ಕಡೆನೇ ಬರ್ತಾ ಇದ್ರು, ನನ್ನ ಮುಂದೆ ಕಳಿಸಿದ್ರು. ಅವರ ಎದುರಿಗೇ ಬರೀಬೇಕಂತೆ.”

“ಏನು ಬರೀಬೇಕಂತೆ?”

“ನನ್ ಹೆಸರು,” ಎಂದರು ಮಹದೇವಸ್ವಾಮಿ. “ಹತ್ತು ಸಲ.”

ಗೇಟಿನ ಚಿಲಕ ಸದ್ದಾಯಿತು.